ಹುಳದ ಡಬ್ಬಿಯ ಮುಚ್ಚಳ

ಯಲಹಂಕದ ಒಂದು ಫ್ಲ್ಯಾಟಿನಲ್ಲಿ ವಾಟರ್ ಫಿಲ್ಟರ್ ಸರ್ವೀಸ್ ಮಾಡುತ್ತಿದ್ದೆ. ಮನೆಯ ಯಜಮಾನರು ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯೊಂದನ್ನು ತಂದು ಮುಚ್ಚಳ ತೆಗೆದರು. ಒಳಗೆ ಒದ್ದೆ ಮಣ್ಣು, ಮುಟ್ಟಿದರೆ ಗೋಲಿಯಂತೆ ಸುತ್ತಿಕೊಳ್ಳುವ ಬೂದು ಹುಳಗಳು. ಸಾಕೋಕೆ ಅಂತ ಕೊರಿಯರಿನಲ್ಲಿ ತರಿಸಿದ್ದರಂತೆ.

"ಆರು ತಿಂಗಳಾಯ್ತು ಕಣ್ರೀ, ಒಂದು ಮರಿಯೂ ಇಲ್ಲ. ಈ ಫಿಲ್ಟರ್ ನೀರನ್ನೇ ಚಿಮುಕಿಸ್ತೀನಿ. ನೀರಲ್ಲೇ ಏನಾದ್ರೂ ತೊಂದ್ರೆನಾ?"

ಫಿಲ್ಟರಿನ ಮೇಲೆ ಮಾತು ಬಂತಲ್ಲ ಅಂತ ಸ್ವಲ್ಪ ಉರಿಯಿತು. ಆದರೆ ರಾಜಾನುಕುಂಟೆಯ ನಮ್ಮ ಹಳೇ ಮನೆಯ ಬಚ್ಚಲ ಕಲ್ಲು ನೆನಪಾಯಿತು. ಅದರಡಿ ಇವೇ ಹುಳಗಳು ಕೊಳೆತ ಎಲೆ ತಿಂದುಕೊಂಡು ರಾಶಿರಾಶಿ ಇರುತ್ತಿದ್ದವು. ಈಗ ಅಲ್ಲಿ ಲೇಔಟ್ ಆಗಿದೆ.

"ದಿನಕ್ಕೆ ಎಷ್ಟು ಸಲ ಮುಚ್ಚಳ ತೆಗೀತೀರಾ ಸಾರ್?"

"ಬೆಳಿಗ್ಗೆ, ಸಂಜೆ. ಮಣ್ಣು ಕೆದಕಿ ಮರಿ ಹುಡುಕ್ತೀನಿ."

"ಕಾವಿಗೆ ಕೂತ ಕೋಳೀನ ಎತ್ತಿ ನೋಡಿದ್ರೆ ನಮ್ಮಜ್ಜಿ ಕೈಗೇ ಬಾರಿಸೋಳು. ಒಂದಿಷ್ಟು ಒಣಗಿದ ಎಲೆ ಹಾಕಿ, ಸುಮ್ನೆ ಬಿಟ್ಬಿಡಿ."

ಮುಂದಿನ ಸರ್ವೀಸಿಗೆ ಹೋದಾಗ ಅಕ್ಕಿ ನುಚ್ಚಿನಂಥ ಮರಿಗಳು ಡಬ್ಬಿಯೊಳಗೆ ಹರಿದಾಡುತ್ತಿದ್ದವು. ಸರಿಯಾಗಿ ನೋಡೋಣ ಅಂತ ಮುಚ್ಚಳಕ್ಕೆ ಕೈ ಹಾಕಿದೆ. ಯಜಮಾನರು ಪಟ್ಟನೆ ಕೈಗೆ ಬಾರಿಸಿದರು.

ಅಜ್ಜಿ ತೀರಿಕೊಂಡ ಮೇಲೆ ಆ ಏಟು ನನಗೆ ಯಾರೂ ಕೊಟ್ಟಿರಲಿಲ್ಲ.