ಮುಕ್ಕು ಹಾಕುವ ಜಾಗ

ಒಂದು ದಿನ ಬೆಳಗಿನ ಜಾವ ನಮ್ಮ ಅತ್ತೆ ಬೀಸುವ ಕಲ್ಲಿನ ಮುಂದೆ ಕೂತು, ಅರ್ಧ ಹಾಡಿದ ಹಾಡನ್ನು ಅಲ್ಲಿಗೇ ಬಿಟ್ಟು, ಇನ್ನು ಮೇಲೆ ತಾವು ಹಾಡುವುದಿಲ್ಲ ಎಂದರು. ನಾನು ಎದುರಿಗೆ ಕೂತು ಗೂಟಕ್ಕೆ ಕೈ ಜೋಡಿಸಿದ್ದೆ. ಗಂಟಲು ಕಟ್ಟಿರಬೇಕು, ಶುಂಠಿ ಕಷಾಯ ಕುಡಿದರೆ ಸರಿಹೋಗುತ್ತದೆ ಎಂದುಕೊಂಡೆ. ಮರುದಿನವೂ ಹಾಡಲಿಲ್ಲ. ಆಮೇಲೂ ಹಾಡಲಿಲ್ಲ. ಆಗ ನನಗೆ ಚಿಂತೆ ಹತ್ತಿತು.

ಯಾಕೆಂದರೆ ನನ್ನ ತವರು ಕಮಲಾಪುರದಲ್ಲಿ ತಂಗಿಯ ಮದುವೆ ಗೊತ್ತಾಗಿತ್ತು. ಮದುವೆಮನೆಯ ಮೊದಲ ಜೋಳವನ್ನು ನಮ್ಮ ಅತ್ತೆಯೇ ಹಾಡಿ ಬೀಸಬೇಕು ಎಂದು ನನ್ನ ಅಜ್ಜಿ ತಾನಾಗಿ ಹೇಳಿಕಳಿಸಿದ್ದಳು. ನನ್ನ ಅಜ್ಜಿ ಸುಮ್ಮಸುಮ್ಮನೆ ಯಾರನ್ನೂ ಕರೆಯುವವಳಲ್ಲ. ನಮ್ಮ ಕಡೆ ಆ ಶಾಸ್ತ್ರಕ್ಕೆ ಒಂದು ಕಟ್ಟು ಇದೆ: ಕಲ್ಲಿಗೆ ವಿಭೂತಿ, ಅರಿಷಿಣ ಹಚ್ಚಿ ಬೀಸಲು ಶುರುಮಾಡಿದರೆ, ಮೊರದಲ್ಲಿಟ್ಟ ಜೋಳ ಮುಗಿಯುವ ತನಕ ಹಾಡೂ ನಿಲ್ಲಬಾರದು, ಕಲ್ಲೂ ನಿಲ್ಲಬಾರದು. ಅಂಥ ಕೆಲಸಕ್ಕೆ ಕಲಬುರ್ಗಿಯ ಗಾಜಿಪುರದಲ್ಲಿ ನಮ್ಮ ಅತ್ತೆಯ ಹೆಸರೇ ಮೊದಲು ಬರುತ್ತಿತ್ತು.

ನಾನು ಯಾರನ್ನೂ ಸುಲಭಕ್ಕೆ ಹೊಗಳುವವಳಲ್ಲ. ಬಾಯಿ ಖಾರ ಎಂದು ತವರಿನಲ್ಲೂ ಅನ್ನಿಸಿಕೊಂಡಿದ್ದೇನೆ, ಗಂಡನ ಮನೆಯಲ್ಲೂ ಅನ್ನಿಸಿಕೊಂಡಿದ್ದೇನೆ. ಆದರೆ ಅತ್ತೆಯ ಹಾಡಿನ ವಿಷಯಕ್ಕೆ ನನ್ನ ತಕರಾರಿಲ್ಲ. ಅವರ ದನಿ ತೆಳುವಲ್ಲ, ದಪ್ಪ. ಕಲ್ಲಿನ ಗುರ್ ಗುರ್ ಸದ್ದಿನ ಕೆಳಗಿನಿಂದ ಮೆಲ್ಲಗೆ ಎದ್ದು ಮನೆಯನ್ನೆಲ್ಲ ತುಂಬುತ್ತಿತ್ತು. ನಮ್ಮ ಬೀಸುವ ಪದಕ್ಕೆ ಮೂರು ಸಾಲು. ಮೂರನೆಯ ಸಾಲು ಮುಗಿಯುವಾಗ ಎದುರಿಗಿದ್ದವಳು ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಬಿಡಬೇಕು. ಅದಕ್ಕೆ ಮುಕ್ಕು ಎನ್ನುತ್ತೇವೆ. ಹಾಡು ಸರಿಯಿದ್ದರೆ ಮುಕ್ಕು ಸರಿ ಬೀಳುತ್ತದೆ, ಹಿಟ್ಟು ನುಣ್ಣಗೆ ಬರುತ್ತದೆ. ಅತ್ತೆ ಹಾಡು ಬಿಟ್ಟ ವಾರದಲ್ಲಿ ನಮ್ಮ ಮನೆಯ ರೊಟ್ಟಿ ಅಂಚೆಲ್ಲ ಬಿರಿದುಕೊಂಡವು. ನನ್ನ ಯಜಮಾನರು ರೊಟ್ಟಿಯನ್ನು ಎತ್ತಿ ಹಿಡಿದು ನೋಡಿದರೇ ಹೊರತು ಏನೂ ಅನ್ನಲಿಲ್ಲ. ಅಷ್ಟರ ಮಟ್ಟಿಗೆ ಅವರು ಜಾಣರು.

ಕಡೆಗೆ ನಾನೇ ಕೇಳಿದೆ, ಏನಾಗಿದೆ ಎಂದು. ಅತ್ತೆ ಜೋಳ ಹಸನು ಮಾಡುತ್ತಾ ತಲೆ ಎತ್ತದೆ ಹೇಳಿದರು:

"ಬ್ಯಾಸರಾಗ್ಯಾದವ್ವ. ಹಾಡಿನಾಗ ಅಣ್ಣ ಬರ್ತಾನ, ಬಳಿ ತರ್ತಾನ, ತಂಗಿ ಅಳ್ತಾಳ. ನನಗ ಅಣ್ಣಾನೂ ಇಲ್ಲ, ತಮ್ಮಾನೂ ಇಲ್ಲ. ಇಲ್ಲದವನ್ನ ಎಷ್ಟು ವರ್ಷ ಬಾ ಬಾ ಅಂತ ಕರೀಲಿ?"

ಅವರು ಒಬ್ಬಳೇ ಮಗಳು ಎಂಬುದು ನನಗೆ ಗೊತ್ತಿತ್ತು. ಆದರೆ ಆ ಹಾಡುಗಳನ್ನು ಕೇಳುವಾಗ ಅದು ಒಮ್ಮೆಯೂ ನೆನಪಾಗಿರಲಿಲ್ಲ. ಹಾಡುವವರಿಗೆ ದಿನಾ ನೆನಪಾಗಿರಬೇಕು.

ಯಜಮಾನರು ಕಚೇರಿಯಲ್ಲಿ ಮುನ್ಶಿ. ದಿನವಿಡೀ ಉರ್ದುವಿನಲ್ಲಿ ಬರೆದು ಬರೆದು ಮನೆಗೆ ಬಂದ ಮೇಲೂ ಮಾತಿಗೊಮ್ಮೆ ಖಂಡಿತ ಎನ್ನುವ ಬದಲು 'ಬೇಶಕ್' ಎನ್ನುವವರು. ತಾಯಿಯ ಬೇಸರಕ್ಕೆ ಅವರೂ ಒಂದು ಮದ್ದು ಹುಡುಕಿದರು. ಸ್ಟೇಶನ್ ಬಜಾರದ ಅಂಗಡಿಯೊಂದಕ್ಕೆ ಹೊಸದಾಗಿ ಗ್ರಾಮಫೋನು ಬಂದಿತ್ತು. ಅಂಗಡಿಯವರು ಅವರ ಗೆಳೆಯರು. ಅತ್ತೆ ಸೊಸೆ ನಮ್ಮಿಬ್ಬರನ್ನು ಹಿಂದಿನ ಕೋಣೆಯಲ್ಲಿ ಕೂರಿಸಿ ಪೆಟ್ಟಿಗೆಗೆ ಕೀಲಿ ಕೊಟ್ಟರು. ಹಿತ್ತಾಳೆಯ ತುತ್ತೂರಿಯೊಳಗಿಂದ ಯಾರೋ ಹೆಂಗಸು ಹಾಡಿದಳು. ನನಗಂತೂ ರೋಮ ನಿಮಿರಿದವು. ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಇನ್ನೊಂದು ಹಾಕಲು ಹೇಳಿ ಅದನ್ನೂ ಕೇಳಿದರು. ವಾಪಸು ಬರುವಾಗ ಮಗ, ಹೇಗಿತ್ತು ಎಂದದ್ದಕ್ಕೆ, ಆಕೆ ಬಹಳ ಚಂದ ಹಾಡಿದಳು ಎಂದು ಮನಸಾರೆ ಒಪ್ಪಿ, ಕೇಳುವಾಗ ಗೂಟವಿಲ್ಲದೆ ತಮ್ಮ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ ಎಂದರು. ಯಜಮಾನರು ಆ ಹೊತ್ತು 'ಬೇಶಕ್' ಎನ್ನಲಿಲ್ಲ.

ಆದರೂ ಆ ಪೆಟ್ಟಿಗೆಯಿಂದ ಒಂದು ಉಪಕಾರವಾಯಿತು. ಅತ್ತೆಯ ಕಿವಿ ತೆರೆಯಿತು. ಆಮೇಲೆ ಅವರು ಹಾದಿಯಲ್ಲಿ ನಿಂತು ನಿಂತು ಕೇಳತೊಡಗಿದರು. ಹತ್ತಿ ಹಿಂಜುವವನ ಬಿಲ್ಲಿನ ಸದ್ದಿಗೆ ನಿಂತರು. ಸ್ಟೇಶನ್ನಿನಲ್ಲಿ ಮೂಟೆ ಎತ್ತುವ ತೆಲುಗು ಹಮಾಲರು ಒಟ್ಟಿಗೆ ಕೂಗುವ ಕೂಗಿಗೆ ನಿಂತರು. ಅವರ ಸೆರಗು ಎಳೆದು ಎಳೆದು ನನಗೆ ಸಾಕಾಯಿತು.

ನಮ್ಮ ಮನೆಗೂ ಹಿಂದಿನ ಮನೆಗೂ ಒಂದೇ ಗೋಡೆ. ಆ ಮನೆಯಾಕೆಯ ಗಂಡ ದರ್ಜಿ. ಓಣಿಯವರೆಲ್ಲ ಆಕೆಯನ್ನು ತಾಯಿಯ ತಂಗಿಯ ಹಾಗೆ ಖಾಲಾ ಎಂದೇ ಕರೆಯುತ್ತಿದ್ದೆವು. ಗೋಡೆಯಲ್ಲಿ ಅಂಗೈ ಅಗಲದ ಒಂದು ಕಿಂಡಿ ಇತ್ತು. ಒಲೆಗೆ ಕೆಂಡ ಬೇಕಾದರೆ, ಮೊಸರಿಗೆ ಹೆಪ್ಪು ಬೇಕಾದರೆ ಅದರಲ್ಲೇ ಕೊಟ್ಟು ತೆಗೆದುಕೊಳ್ಳುತ್ತಿದ್ದೆವು. ಖಾಲಾ ಕೂಡ ಬೆಳಗಿನ ಜಾವವೇ ಬೀಸುವಾಕೆ, ಹಾಡುವಾಕೆ. ಆದರೆ ನಮ್ಮ ಕಲ್ಲು ಮತ್ತು ಅತ್ತೆಯ ದನಿ ಸೇರಿದರೆ ಆಚೆಯ ಹಾಡು ನಮಗೆ ಎಲ್ಲಿಂದ ಕೇಳಬೇಕು? ಅತ್ತೆ ಸುಮ್ಮನಾದದ್ದರಿಂದಲೇ ಅದು ಈಚೆಗೆ ಬಂತು.

ಒಂದು ಮುಂಜಾನೆ ಅತ್ತೆ ನನ್ನ ಕೈ ಹಿಡಿದು ಕಲ್ಲು ನಿಲ್ಲಿಸಿದರು. ಆಚೆ ಖಾಲಾ ನಮ್ಮ ಕಡೆಯ ಉರ್ದುವಾದ ದಖನಿಯಲ್ಲಿ ಹಾಡುತ್ತಿದ್ದಳು. ದನಿ ಸಣ್ಣದು, ಸ್ವಲ್ಪ ಮೂಗಿನಲ್ಲಿ ಬರುವಂಥದ್ದು, ಆದರೆ ಅದರಲ್ಲಿ ಅವಸರವೆಂಬುದೇ ಇಲ್ಲ. ಸಂಜೆ ಯಜಮಾನರು, ಅತ್ತೆ ನೆನಪಿಟ್ಟು ಹೇಳಿದ ಆ ಹಾಡಿನ ಹಳೆಯ ಮಾತುಗಳ ಅರ್ಥವನ್ನು ಸರ್ಕಾರದ ಫರ್ಮಾನು ಓದಿದ ಹಾಗೆ ಗಂಭೀರವಾಗಿ ಬಿಡಿಸಿದರು. ಬೀಸುತ್ತಿರುವ ಹೆಂಗಸು ತನ್ನ ಗುರು ಪೀರನನ್ನು ಕರೆಯುತ್ತಾಳಂತೆ. ಏನೂ ತರಬೇಡ, ಬರಿಗೈಲಿ ಬಾ, ನನ್ನ ತೋಳು ನೋಯುತ್ತಿದೆ, ಎದುರಿಗೆ ಕೂತು ಗೂಟ ಹಿಡಿ ಎನ್ನುತ್ತಾಳಂತೆ. ಅತ್ತೆ ಅದನ್ನು ಎರಡು ಸಲ ಹೇಳಿಸಿಕೊಂಡರು. ಮಾರನೆಯ ದಿನ ಕಿಂಡಿಗೆ ಬಾಯಿಟ್ಟು, ತಮಗೆ ಅದನ್ನು ಕಲಿಸಬೇಕೆಂದು ಖಾಲಾಳನ್ನು ಕೇಳಿದರು. ಗಾಜಿಪುರಕ್ಕೆಲ್ಲ ಹಾಡು ಕಲಿಸಿದಾಕೆ ಹೊಸದಾಗಿ ಕಲಿಯುವ ಹುಡುಗಿಯ ಹಾಗೆ ಕೇಳಿದ್ದು ನೋಡಿ ನನಗೆ ಹೆಮ್ಮೆಯೂ ಆಯಿತು, ಭಯವೂ ಆಯಿತು. ಕಮಲಾಪುರದ ಮದುವೆ ಹತ್ತಿರ ಬರುತ್ತಿತ್ತು.

ಹಾಡಿನ ಮಾತುಗಳು ಬೇಗ ಬಾಯಿಗೆ ಬಂದವು. ಕಲ್ಲು ಒಪ್ಪಲಿಲ್ಲ. ಖಾಲಾಳ ಹಾಡಿಗೆ ಎರಡೇ ಸಾಲು. ಎರಡನೆಯದು ಮುಗಿಯುವಾಗ ಮುಕ್ಕು ಬೀಳಬೇಕು. ನನ್ನ ಕೈಗೆ ಮೂರರ ರೂಢಿ. ಹಾಕಬೇಕಾದಲ್ಲಿ ಹಾಕುತ್ತಿರಲಿಲ್ಲ, ಕಲ್ಲು ಬರಿದೇ ಉಜ್ಜಿ ಕೀರಲು ದನಿ ಮಾಡುತ್ತಿತ್ತು. ಗಾಬರಿಯಿಂದ ಮುಂದಿನ ಸಾಲಿನಲ್ಲಿ ಎರಡು ಹಿಡಿ ಸುರಿಯುತ್ತಿದ್ದೆ, ಕಲ್ಲಿನ ಬಾಯಿ ಕಟ್ಟಿಕೊಂಡು ಕರ್ ಎಂದು ನಿಂತುಬಿಡುತ್ತಿತ್ತು. ಅತ್ತೆ ಸಿಟ್ಟಾಗಲಿಲ್ಲ. ಕಲ್ಲು ಎತ್ತಿ, ಕಾಳು ಬಿಡಿಸಿ, ಮತ್ತೆ ಮೊದಲಿನಿಂದ ಹಾಡುತ್ತಿದ್ದರು. ಆ ವಯಸ್ಸಿನಲ್ಲಿ ಅವರಿಗಿದ್ದ ತಾಳ್ಮೆ ನನಗಿದ್ದಿದ್ದರೆ ನಾನೂ ಏನಾದರೂ ಕಲಿಯುತ್ತಿದ್ದೆ. ನನ್ನ ಕೈ ಪಳಗುವ ಹೊತ್ತಿಗೆ ನಮ್ಮ ರೊಟ್ಟಿ ಮತ್ತೆ ಮೊದಲಿನ ಹಾಗಾದವು.

ಮದುವೆಗೆ ಹೊರಟ ದಿನ ಸವಾರಿ ಬಂಡಿಯಲ್ಲಿ ನಾನು ಮೆಲ್ಲಗೆ ಕೇಳಿದೆ, ಶಾಸ್ತ್ರಕ್ಕೆ ನಮ್ಮ ಹಳೆಯ ಹಾಡನ್ನೇ ಹಾಡುತ್ತೀರಲ್ಲವೇ ಎಂದು. ಅತ್ತೆ ಹಾದಿಯ ತೊಗರಿ ಹೊಲ ನೋಡುತ್ತಾ, ಬಾಯಿಗೆ ಬೇಡವಾದದ್ದನ್ನು ಮದುಮಗಳ ಮುಂದೆ ಬಡಿಸಲಾರೆ, ಬಂದರೆ ಖಾಲಾಳದ್ದು ಬರುತ್ತದೆ, ಇಲ್ಲದಿದ್ದರೆ ಬೇರೆಯವರನ್ನು ಕೂರಿಸಲಿ ಎಂದರು. ಕಮಲಾಪುರದ ಹೊರಗಿನ ತೋಟಗಳಲ್ಲಿ ಕೆಂಪು ಬಾಳೆಗೊನೆ ಬಾಗಿದ್ದವು. ಬೇರೆ ಸಲವಾಗಿದ್ದರೆ ಬಂಡಿ ನಿಲ್ಲಿಸಿ ಒಂದು ಚಿಪ್ಪು ಕೊಯ್ಯಿಸುತ್ತಿದ್ದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯ ತುಂಬ ಹೆಂಗಸರು. ಅಜ್ಜಿ ಮಣೆಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು. ಕಲ್ಲಿನ ಒಂದು ಬದಿಗೆ ಅತ್ತೆ, ಎದುರಿಗೆ ನನ್ನ ಚಿಕ್ಕಮ್ಮ. ಎದುರಿಗೆ ಆ ಮನೆಯ ಹೆಂಗಸೇ ಕೂರಬೇಕು ಎಂದು ನನ್ನನ್ನು ಕೂರಿಸಲಿಲ್ಲ. ನಾನು ಬೇರೆ ಮನೆಯವಳಾಗಿದ್ದೆನಲ್ಲ. ಅತ್ತೆ ಕಲ್ಲಿಗೆ ಕೈ ಮುಗಿದು ಶುರುಮಾಡಿದರು. ಖಾಲಾಳ ಹಾಡು, ಖಾಲಾಳ ಮಾತುಗಳು, ಆದರೆ ದನಿ ಅತ್ತೆಯದು, ದಪ್ಪ, ಕಲ್ಲಿನ ಕೆಳಗಿನಿಂದ ಎದ್ದು ಬರುವಂಥದ್ದು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕಮ್ಮ ಮೂರನೆಯ ಸಾಲಿಗೆ ಕಾದಳು. ಮೂರನೆಯ ಸಾಲು ಎಲ್ಲಿದೆ? ಕಲ್ಲು ಕೀರಿತು. ಅವಳು ಗಡಬಡಿಸಿ ಬೊಗಸೆ ತುಂಬ ಸುರಿದಳು. ಕಲ್ಲು ಕರ್ ಎಂದು ನಿಂತಿತು. ಹಾಡೂ ನಿಂತಿತು.

ಮದುವೆಮನೆಯಲ್ಲಿ ಶಾಸ್ತ್ರದ ಕಲ್ಲು ನಿಲ್ಲುವುದೆಂದರೆ! ಯಾರೋ ಶಿವಶಿವಾ ಎಂದರು. ತಂಗಿಯ ಮುಖ ಸಣ್ಣದಾಯಿತು. ಅತ್ತೆ ಗೂಟ ಬಿಟ್ಟು ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಅವರು ಈಗ ಎದ್ದರೆ ಇನ್ನು ಜನ್ಮದಲ್ಲಿ ಹಾಡುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ತವರಾದರೇನು, ಆ ಹೊತ್ತಿಗೆ ಅಲ್ಲಿದ್ದವರೆಲ್ಲರ ಮೇಲೂ ನನಗೆ ಸಿಟ್ಟು ಬಂತು.

ಅಜ್ಜಿ ಗೋಡೆ ಹಿಡಿದು ಎದ್ದಳು. ಮೆಲ್ಲಗೆ ಬಂದು ಚಿಕ್ಕಮ್ಮನನ್ನು ಆಚೆ ಸರಿಯಲು ಹೇಳಿ, ತಾನೇ ಕಲ್ಲಿನ ಎದುರು ಕಾಲು ಚಾಚಿ ಕೂತಳು. ಕಲ್ಲಿನ ಬಾಯಿಯಲ್ಲಿ ಸಿಕ್ಕಿದ ಕಾಳನ್ನು ಬೆರಳಿನಿಂದ ಬಿಡಿಸಿದಳು. ಗೂಟ ಹಿಡಿದಳು.

"ಹಾಡು ಚಲೋ ಅದ. ಮುಕ್ಕು ಎಲ್ಲಿ ಹಾಕ್ಬೇಕು, ಅದೊಂದು ಹೇಳು."

ಅತ್ತೆ ಹಾಡಿಯೇ ತೋರಿಸಿದರು: ಎರಡನೆಯ ಸಾಲಿನ ಕೊನೆಗೆ ಗದ್ದ ಎತ್ತಿದರು, ಅಜ್ಜಿ ಹಿಡಿ ಬಿಟ್ಟಳು. ಮತ್ತೆ ಗದ್ದ ಎತ್ತಿದರು, ಮತ್ತೆ ಬಿಟ್ಟಳು. ಮೂರನೆಯ ಸಲಕ್ಕೆ ಗದ್ದ ಎತ್ತುವ ಅಗತ್ಯವಿರಲಿಲ್ಲ. ಮೊರ ಬರಿದಾಗುವ ತನಕ ಕಲ್ಲು ನಿಲ್ಲಲಿಲ್ಲ. ಎದುರಿಗೆ ಬಂದು ಗೂಟ ಹಿಡಿ ಎಂದು ಹಾಡು ಕರೆಯುತ್ತಿತ್ತು, ಎದುರಿಗೆ ನನ್ನ ಅಜ್ಜಿ ಕೂತಿದ್ದಳು. ಆ ಮುದುಕಿಗೆ ದಖನಿಯ ಒಂದು ಮಾತೂ ಬರುತ್ತಿರಲಿಲ್ಲ. ನಾನು ಬಾಗಿಲ ಹಿಂದೆ ನಿಂತು ಅತ್ತುಬಿಟ್ಟೆ.

ಕಲಬುರ್ಗಿಗೆ ಮರಳಿದ ದಿನವೇ ಖಾಲಾ ಕಿಂಡಿಯಲ್ಲಿ ವಿಚಾರಿಸಿದಳು. ಅತ್ತೆ ಕೆಂಪು ಬಾಳೆಹಣ್ಣುಗಳನ್ನು ಒಂದೊಂದಾಗಿ ಆಚೆ ದಾಟಿಸುತ್ತಾ ನಡೆದದ್ದನ್ನೆಲ್ಲ ಹೇಳಿದರು. ಖಾಲಾ ಎಲ್ಲ ಕೇಳಿ, ತನ್ನ ಬೆರಕೆ ಮಾತಿನಲ್ಲಿ ಕೇಳಿದಳು:

"ಅಮ್ಮಾ, ನೀವು ಪಹಿಲೆ ಹಾಡ್ತಿದ್ರಲ್ಲ, ಅಣ್ಣ ಬಳಿ ತರ್ತಾನಂತ, ವೊ ಮೇರೆಕು ಸಿಖಾವ್, ನನಗ ಕಲಸ್ರಿ. ನಮ್ಮ ಹಾಡಿನಾಗ ಪೀರ್ ಬರ್ತಾರ. ಭಾಯಿ ಬರೋದೇ ಇಲ್ಲ."

ಖಾಲಾಳ ತಮ್ಮ ಮುಂಬಯಿಯ ಗಿರಣಿಗೆ ಹೋದವನು ತಿರುಗಿ ಬಂದಿರಲಿಲ್ಲ ಎಂಬುದು ಓಣಿಗೆಲ್ಲ ಗೊತ್ತಿತ್ತು. ಅತ್ತೆ, ತಮಗೆ ಬೇಡವಾಗಿದ್ದ ಆ ಅಣ್ಣನನ್ನು ಖಾಲಾಳಿಗೋಸ್ಕರ ಕರೆದರು. ಅದೇ ಹಾಡು, ಅದೇ ಬಳೆ. ನಾನು ಸಾವಿರ ಸಲ ಕೇಳಿದ್ದೆ. ಆ ದಿನ ಮೊದಲ ಸಲ ಕೇಳಿದ ಹಾಗೆ ಕೂತು ಕೇಳಿದೆ.

ಮಾರನೆಯ ಬೆಳಗಿನ ಜಾವ ನಾವು ಕಲ್ಲಿಗೆ ಕೂರುವ ಮೊದಲೇ ಗೋಡೆಯಾಚೆ ಖಾಲಾ ಆ ಹಾಡನ್ನು ಶುರುಮಾಡಿದಳು. ಒಂದು ಸಾಲು ಬಂತು, ಎರಡನೆಯದು ಬಂತು. ಮೂರನೆಯದು ಬರುವ ಮೊದಲೇ ಆಕೆಯ ಕಲ್ಲು ಕರ್ ಎಂದು ನಿಂತಿತು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ಕಿಂಡಿಯ ಹತ್ತಿರ ಹೋಗಿ, ಮುಕ್ಕು ಎಲ್ಲಿ ಹಾಕಬೇಕೆಂದು ಹಾಡಿ ತೋರಿಸಿದರು.