ಗಂಗತ್ತಿಯ ಅಟೆಂಪ್ಟು

ಮಾರ್ಚ್ ಮುಗಿಯುವ ಹೊತ್ತಿಗೆ ಧಾರವಾಡದ ಬೇವಿನ ಮರಗಳು ಹೂ ಬಿಡುತ್ತವೆ. ನಾನು ಇಂಗ್ಲಿಷ್ ಹೇಳಿಕೊಡುವ ಕೋಚಿಂಗ್ ಕ್ಲಾಸಿನ ಕಿಟಕಿಯಿಂದ ಆ ವಾಸನೆ ಒಳಗೆ ಬಂತೆಂದರೆ ಅವತ್ತಿನ ಪಾಠ ಕೆಟ್ಟಿತೆಂದೇ ಲೆಕ್ಕ. ಮೊನ್ನೆ ಒಬ್ಬ ಹುಡುಗಿ ಎದ್ದು ನಿಂತು, "ಮೇಡಂ, ಎಫರ್ಟ್ ಅಂದ್ರೂ ಪ್ರಯತ್ನ, ಅಟೆಂಪ್ಟ್ ಅಂದ್ರೂ ಪ್ರಯತ್ನ. ಯಾವುದನ್ನ ಎಲ್ಲಿ ಹಾಕಬೇಕ್ರಿ?" ಎಂದು ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಕೇಶ್ವಾಪುರದ ನಮ್ಮ ಹಳೆಯ ಮನೆಯ ಅಡುಗೆಮನೆ ಕಣ್ಣ ಮುಂದೆ ಬಂತು. ಈಗ ಆ ಜಾಗದಲ್ಲಿ ಮೊಬೈಲ್ ಅಂಗಡಿ ಇದೆ.

ಗಂಗತ್ತಿ ನನ್ನ ಅಪ್ಪನ ತಂಗಿ. ಎಸ್ಸೆಸ್ಸೆಲ್ಸಿಯಲ್ಲಿ ಉಳಿದೆಲ್ಲ ಪಾಸಾಗಿ, ಇಂಗ್ಲಿಷಿನಲ್ಲಿ ಮಾತ್ರ ಡುಮ್ಕಿ ಹೊಡೆದಿದ್ದಳು. ಆ ಬೇಸಿಗೆಯಲ್ಲೇ ನವಲಗುಂದದ ಕಡೆಯ ಒಂದು ಹಳ್ಳಿಗೆ ಅವಳನ್ನು ಮದುವೆ ಮಾಡಿಕೊಟ್ಟರು. ದೊಡ್ಡ ಒಕ್ಕಲುತನದ ಮನೆ. ಹತ್ತಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಅಂತ ಒಂದಿಲ್ಲೊಂದು ಕೆಲಸ. ಊರಿನ ಸೊಸೆಯರೆಲ್ಲ ಪಂಚಮಿಗೆ ತವರಿಗೆ ಹೋದರೂ ಇವಳನ್ನು ಮಾತ್ರ ಕಳಿಸುತ್ತಿರಲಿಲ್ಲ. ಆದರೆ ಅವಳ ಮಾವನಿಗೆ ಸಾಲಿ, ಓದು ಅಂದರೆ ದೇವರ ಸಮಾನ. "ಪರೀಕ್ಷಾಕ ಹೋಗ್ಬೇಕವಾ. ಸೊಸಿ ಮೆಟ್ರಿಕ್ ಆದ್ರ ನಮ್ಮ ಮನಿಗೇ ಮರ್ಯಾದಿ" ಎನ್ನುತ್ತಿದ್ದನಂತೆ ಆ ಪುಣ್ಯಾತ್ಮ. ಪರೀಕ್ಷೆ ಬರೆಯಬೇಕಾದದ್ದು ಅವಳು ಓದಿದ ನಮ್ಮೂರ ಶಾಲೆಯಲ್ಲೇ. ಹಾಗಾಗಿ ವರ್ಷಕ್ಕೊಮ್ಮೆ, ಪರೀಕ್ಷೆಯ ನೆಪದಲ್ಲಿ, ಗಂಗತ್ತಿ ಚೀಲ ಹಿಡಿದು ಬಸ್ಸಿಳಿಯುತ್ತಿದ್ದಳು.

ಆ ದಿನ ಆಯಿ, ಅಂದರೆ ನನ್ನ ಅಜ್ಜಿ, ಬೆಳಗಿನಿಂದಲೇ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಮಗಳು ಬಂದ ಕೂಡಲೇ ಎಣ್ಣೆಯ ಬಟ್ಟಲು ಹಿಡಿದು ಕೂತುಬಿಡುತ್ತಿದ್ದಳು. "ತಲಿ ನೋಡ ಹೆಂಗಾಗೇತಿ, ಹಾಳಾದ್ದು!" ಎಂದು ಬೈಯುತ್ತಲೇ ಸಿಕ್ಕು ಬಿಡಿಸುವಳು, ಹೆರಳು ಹಾಕುವಳು, ಸರಿಯಾಗಲಿಲ್ಲವೆಂದು ಬಿಚ್ಚಿ ಮತ್ತೆ ಹಾಕುವಳು. ಸಂಜೆ ಗಂಗತ್ತಿ ರೊಟ್ಟಿ ಬಡಿಯಲು ಕೂತರೆ ನಾನು ಗೈಡು ಹಿಡಿದು ಅವಳ ಪರೀಕ್ಷೆ ಮಾಡುತ್ತಿದ್ದೆ. ಒಮ್ಮೆ ಇದೇ ಎರಡು ಶಬ್ದ ಬಂದವು. ಅವಳು ಕೈ ನಿಲ್ಲಿಸದೆ ಹೇಳಿದಳು: "ರಟ್ಟಿ ನೋಯೂ ಹಂಗ ಬಡಿಯೂದೈತಲ್ಲ, ಅದು ಎಫರ್ಟ್. ಹಂಚಿಗೆ ಹಾಕಿ ಉಬ್ಬತೈತೋ ಹರೀತೈತೋ ನೋಡೂದು ಅಟೆಂಪ್ಟ್. ಮಂದಿ ಅದನ್ನಷ್ಟ ಎಣಸ್ತಾರ." ಇದಕ್ಕಿಂತ ಛಲೋ ಅರ್ಥ ನನಗೆ ಇವತ್ತಿಗೂ ಯಾವ ಡಿಕ್ಷನರಿಯಲ್ಲೂ ಸಿಕ್ಕಿಲ್ಲ.

ಇಷ್ಟು ಬಲ್ಲವಳು ಪ್ರತಿವರ್ಷ ಫೇಲಾಗುತ್ತಿದ್ದಳು! ನನಗೋ ಪೇಪರು ತಿದ್ದುವವರ ಮೇಲೆ ಕೆಂಡದಂಥ ಸಿಟ್ಟು. ನಮ್ಮ ಮನೆಯಲ್ಲಿ ಅಟೆಂಪ್ಟ್ ಎಂಬುದು ಉಪ್ಪು, ಖಾರದಷ್ಟು ಬಳಕೆಯ ಮಾತಾಗಿಹೋಯಿತು. ಸ್ಕೂಟರು ಒದ್ದರೂ ಚಾಲೂ ಆಗದಿದ್ದರೆ ಅಪ್ಪ, "ನಿಮ್ಮತ್ತಿ ಗಾಡಿ ಆತಿದು, ಇನ್ನೊಂದು ಅಟೆಂಪ್ಟ್ ಬೇಕು" ಎನ್ನುತ್ತಿದ್ದ. ಗಂಗತ್ತಿಯೂ ನಗುತ್ತಿದ್ದಳು. ಪರೀಕ್ಷೆಯ ದಿನ ಆಯಿ ಮತ್ತು ನಾನು ಶಾಲೆಯ ಗೇಟಿನ ಹೊರಗೆ ಕಾಯುತ್ತಿದ್ದೆವು. ಗಂಟೆ ಹೊಡೆಯುವುದಕ್ಕೆ ಬಹಳ ಮುಂಚೆಯೇ ಅವಳು ಹೊರಗೆ ಬಂದುಬಿಡುತ್ತಿದ್ದಳು. "ಇಷ್ಟ ಲಗೂ ಆತೇನ ಅತ್ತಿ?" ಎಂದು ಕೇಳಿದರೆ, "ಬರದಷ್ಟು ಸಾಕ ಬಿಡ" ಎನ್ನುವಳು. ಆಯಿ ನನ್ನನ್ನೇ ಗದರಿಸಿ ಮಾತು ಮುಗಿಸುವಳು. ಮೂವರೂ ಗಿರಮಿಟ್ಟು, ಮಿರ್ಚಿ ತಿಂದು, ಅವಸರವಿಲ್ಲದೆ ನಡೆದು ಮನೆಗೆ ಬರುತ್ತಿದ್ದೆವು. ಅಷ್ಟು ಸುಖವಾಗಿ ನಾನು ಆಮೇಲೆ ಯಾರ ಜೊತೆಗೂ ನಡೆದಿಲ್ಲ.

ಒಂದು ದೀಪಾವಳಿಯ ಮುಂದೆ ಆಯಿ ತೀರಿಕೊಂಡಳು. ಮಾರ್ಚಿನಲ್ಲಿ ಗಂಗತ್ತಿ ಬಂದಳು. ತಲೆಯನ್ನು ತಾನೇ ಬಾಚಿಕೊಂಡಳು. ಆ ಸಲ ಗೇಟಿನ ಹೊರಗೆ ನಾನೊಬ್ಬಳೇ ನಿಂತಿದ್ದೆ. ಗಂಟೆ ಹೊಡೆದು ಹುಡುಗರೆಲ್ಲ ಬಂದ ಮೇಲೆ, ಎಲ್ಲರ ಹಿಂದೆ ಅವಳು ಬಂದಳು.

ರಿಸಲ್ಟ್ ಬಂದಾಗ ಬರೀ ಪಾಸಲ್ಲ, ಫಸ್ಟ್‌ಕ್ಲಾಸಿನ ಮಾರ್ಕ್ಸು. ಅವಳ ಮಾವ ಊರಿಗೆಲ್ಲ ಸಕ್ಕರೆ ಹಂಚಿದನಂತೆ. ನಾನು ಫೋನು ಹಚ್ಚಿ, "ಅತ್ತೀ, ಕಡೀಗೂ ಪಾಸಾದೆಲ್ಲ!" ಎಂದು ಕಿರುಚಿದೆ.



"ಹೂಂ, ಪಾಸಾದೆ" ಎಂದಳು. "ಅವ್ವನೇ ಇಲ್ಲ. ಇನ್ನ ಫೇಲಾಗಿ ಯಾರನ್ನ ನೋಡಾಕ ಬರ್ಲವಾ?"