ಮಾರತ್ತಹಳ್ಳಿಯಲ್ಲಿ ನಾನು ಕಟ್ಟಿದ ದೋಣಿ

ಬೆಂಗಳೂರಿಗೆ ಬಂದ ಮೇಲೆ ನನಗೆ ಸಿಕ್ಕ ಮೊದಲ ದೋಣಿಯೊಳಗೆ ನಾಲ್ಕು ಮೇಜು ಹಿಡಿಸಬೇಕಿತ್ತು. ಮಾರತ್ತಹಳ್ಳಿಯ ಒಂದು ಮೀನೂಟದ ಹೋಟೆಲಿನ ಅಂಗಳದಲ್ಲಿ ಅದನ್ನು ನಿಲ್ಲಿಸುತ್ತಾರಂತೆ, ಗಿರಾಕಿಗಳು ಚಪ್ಪಲಿ ಕಾಲಲ್ಲೇ ಹತ್ತಿ ಕೂತು ಉಣ್ಣುತ್ತಾರಂತೆ. ಗಂಗೊಳ್ಳಿಯಲ್ಲಿ ಚಪ್ಪಲಿ ಹಾಕಿ ದೋಣಿಗೆ ಕಾಲಿಟ್ಟವನನ್ನು ನನ್ನ ಅಪ್ಪ ಹೊಳೆಗೇ ನೂಕುತ್ತಿದ್ದರು.

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹೊಳೆ ಸಮುದ್ರ ಸೇರುವ ಅಳಿವೆಯ ಪಕ್ಕ, ದೋಣಿಗಳು ನಿಲ್ಲುವ ದಕ್ಕೆಯಲ್ಲಿ ಅಪ್ಪನ ಜೊತೆ ಮರದ ದೋಣಿ ಕಟ್ಟುತ್ತಲೇ ಬೆಳೆದೆ. ಅಲ್ಲೀಗ ಎಲ್ಲರಿಗೂ ಫೈಬರ್ ದೋಣಿ ಬೇಕು. ಮರದ ಕೆಲಸದವನಿಗೆ ಎಲ್ಲೋ ಒಂದು ರಿಪೇರಿ ಸಿಕ್ಕರೆ ಹೆಚ್ಚು. ಹಾಗಾಗಿ ಸಿಂಗಸಂದ್ರದಲ್ಲಿ ಕೋಣೆ ಹಿಡಿದು, ನಾಗರಾಜಣ್ಣನ ಶೆಡ್ಡಿನಲ್ಲಿ ಆಫೀಸುಗಳಿಗೆ ಮೇಜು ಮಾಡುತ್ತಿದ್ದೇನೆ. ಕಿಟಕಿ ತೆಗೆದರೆ ಪಕ್ಕದ ಮನೆಯ ಗೋಡೆ; ಗಾಳಿ ಯಾವ ಕಡೆಯಿಂದ ಎಂದೇ ತಿಳಿಯುವುದಿಲ್ಲ. ಇಲ್ಲಿ ಬಸ್ಸಿನವನನ್ನೂ ಬೀಡಾ ಅಂಗಡಿಯವನನ್ನೂ ‘ಗುರು’ ಅನ್ನುತ್ತಾರೆ. ಹಾಗೆ ಕರೆಯಲು ನನಗೆ ಬಾಯಿ ಬರುವುದಿಲ್ಲ. ನಮ್ಮಲ್ಲಿ ಕೈಗೆ ಉಳಿ ಕೊಟ್ಟು ಕಲಿಸಿದವರಿಗೆ ಮಾತ್ರ ಆ ಮಾತು.

ದೋಣಿ ಅಂದ ಕೂಡಲೇ ಕೈ ನನ್ನ ಮಾತು ಕೇಳಲಿಲ್ಲ. ಹಲಗೆಗೆ ಹಲಗೆ ಕೂಡಿಸಿ, ನೀರು ನುಗ್ಗದಂತೆ ಸಂದಿಗೆಲ್ಲ ಹತ್ತಿ ಬಡಿದು, ಎಣ್ಣೆ ಕುಡಿಸಿದೆ. ವರ್ತೂರಿನ ಹಳೇ ಮನೆತನದ ನಾಗರಾಜಣ್ಣ ತಲೆ ಚಚ್ಚಿಕೊಂಡರು.

“ಏನ್ರೀ, ಮೀನಿಡಿಯಕ್ಕೆ ಓಯ್ತದಾ ಇದು? ಮೊಳೆ ಒಡ್ದು ಬಣ್ಣ ಬಳ್ದು ಕಳ್ಸಿ ಅಂದ್ರೆ!”

“ಸೋರೂ ದೋಣಿ ಮಾಡೂಕೆ ನಂಗೆ ಬತ್ತಿಲ್ಲೆ ಅಣ್ಣ.”

“ಬತ್ತಿಲ್ವಂತೆ! ಮಂಗ್ಳೂರೋರ ಮೊಂಡ್ತನ ನೋಡ್ರಪ್ಪಾ.”

“ಮಂಗ್ಳೂರಲ್ಲ, ಗಂಗೊಳ್ಳಿ.”

“ಎಲ್ಲಾ ಒಂದೇ ಬಿಡ್ರೀ.”

ಹೋಟೆಲಿನ ಅಂಗಳದಲ್ಲಿ ಕಲ್ಲುಗಳ ಮೇಲೆ ದೋಣಿ ನಿಲ್ಲಿಸಿದ ನಂತರ ಒಂದು ದೊಡ್ಡ ಮಳೆ ಬಂತು. ಮರುದಿನ ಬೆಳಿಗ್ಗೆ ಹೋಟೆಲಿನಿಂದ ಫೋನು. ನಾಗರಾಜಣ್ಣನ ಜೊತೆ ಹೋಗಿ ನೋಡಿದರೆ ದೋಣಿ ತುಂಬ ನೀರು. ಮೇಜುಗಳು ಅರ್ಧ ಮುಳುಗಿವೆ, ಕುರ್ಚಿಯ ದಿಂಬುಗಳು ತೇಲುತ್ತಿವೆ. ಊರಿನಲ್ಲಿ ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆಳೆದು ತೆಂಗಿನ ಮಡಲು ಹೊದಿಸಿಬಿಡುತ್ತೇವೆ. ಬಯಲಲ್ಲಿ ಬಾಯಿ ತೆರೆದು ಮಳೆಗೆ ನಿಲ್ಲುವ ದೋಣಿಯ ಯೋಚನೆಯೇ ನನಗೆ ಬಂದಿರಲಿಲ್ಲ. ಬಗ್ಗಿ ತಳ ನೋಡಿದೆ. ಯಾವ ಸಂದಿಯಲ್ಲೂ ಒಂದು ಹನಿ ಒಸರುತ್ತಿರಲಿಲ್ಲ. ಒಳಗೊಳಗೇ ಹಿಗ್ಗಾಯಿತು, ಆದರೆ ಅಲ್ಲಿ ಅದನ್ನು ಯಾರಿಗೆ ಹೇಳುವುದು?

“ಅಣ್ಣ, ಸಂಜೆ ಫುಲ್ ಬುಕ್ಕಿಂಗ್ ಇದೆ. ತಳಕ್ಕೆ ಒಂದು ಹೋಲ್ ಹಾಕ್ಬಿಡಿ,” ಎಂದರು ಹೋಟೆಲಿನ ಮ್ಯಾನೇಜರ್ ಮೇಡಂ.

“ದೋಣಿ ತಳಕ್ಕಾ?”

“ಇನ್ನೆಲ್ಲಿಗೆ ಹಾಕ್ತೀರಾ?”

ನಾಗರಾಜಣ್ಣ ಆಗಲೇ ಬೈರಿಗೆ ಹಿಡಿದು ನಿಂತಿದ್ದರು. “ನೀವಾಕ್ತೀರೋ, ನಾನಾಕ್ಲೋ? ಬೇಗ ಯೋಳಿ.”

ಕಟ್ಟಿದ ದೋಣಿಯ ತಳ ಕೊರೆಯುವುದೆಂದರೆ ನಮ್ಮಲ್ಲಿ ಹಗೆ ಸಾಧಿಸುವವನು ಮಾಡುವ ಕೆಲಸ. ಆದರೂ ಬೇರೆಯವರ ಕೈಯಲ್ಲಿ ಆಗುವುದು ಬೇಡವೆಂದು ಬೈರಿಗೆ ಕಿತ್ತುಕೊಂಡು ನಾನೇ ಅಡಿಗೆ ತೂರಿದೆ. ಬೈರಿಗೆಯ ಕೊನೆಯ ಸುತ್ತಿನಲ್ಲಿ ನೀರು ಎದೆಯ ಮೇಲೆ ಸುರಿಯಿತು. ಸಪ್ಲೈಯರುಗಳು ಮೊಬೈಲಿನಲ್ಲಿ ವಿಡಿಯೊ ಹಿಡಿಯುತ್ತಾ “ಸೂಪರ್ ಗುರು!” ಎಂದು ಕೂಗಿದರು.

ನೀರು ಇಳಿಯುವಷ್ಟರಲ್ಲಿ ಮರದ ಚೂರೊಂದನ್ನು ಕೆತ್ತಿ ತೂತಿಗೆ ಬಿರಡೆ ಮಾಡಿ ಮೇಡಂ ಕೈಗೆ ಕೊಟ್ಟೆ. “ಮಳೆ ಬಂದಾಗ ತೆಗೀರಿ. ಬಿಟ್ಟ ಮೇಲೆ ಹಾಕಿ.”

“ಬಿಟ್ಟ ಮೇಲೆ ಯಾಕೆ ಹಾಕ್ಬೇಕು ಅಣ್ಣ? ತೆರ್ದೇ ಇರ್ಲಿ.”

ಅವರು ಕುಹಕಕ್ಕೆ ಕೇಳಲಿಲ್ಲ. ಅವರ ಕೈಯಿಂದ ಬಿರಡೆಯನ್ನು ತಿರುಗಿ ತೆಗೆದು ಅಂಗಿಯ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ದಾರಿಯಲ್ಲಿ ಊರಿನಿಂದ ತಮ್ಮನ ಫೋನು. “ಅಣ್ಣಾ, ಅಲ್ಲೂ ದೋಣಿ ಕಟ್ಟಿದ್ಯಂಬ್ರ್. ಹ್ಯಾಂಗಿತ್?”

“ಒಂದ್ ಹನಿ ನೀರ್ ಬಿಡ್ತಿಲ್ಲೆ,” ಎಂದೆ.

“ಹಂಗಾರೆ ಬಾ ಮಾರಾಯ. ಇಲ್ಲೊಂದ್ ಹಳೆ ದೋಣಿ ರಿಪೇರಿಗೆ ಬಂದಿತ್.”

ಬರುತ್ತೇನೆ ಎಂದೆ. ಆದರೆ ವೈಟ್‌ಫೀಲ್ಡಿನ ಇನ್ನೊಂದು ಹೋಟೆಲಿಗೆ ತಳದಲ್ಲಿ ಮೊದಲೇ ತೂತು ಬಿಟ್ಟು ದೋಣಿ ಕಟ್ಟಿಕೊಡುವುದಕ್ಕೆ, ಬಸ್ಸು ಹತ್ತುವ ಮುಂಚೆಯೇ ನಾಗರಾಜಣ್ಣನಿಗೆ ‘ಆಗಲಿ’ ಎಂದಿದ್ದೆ.